ಅಟ್ಟದ ಡಬ್ಬಿಯ ಕೀಲುಗೊಂಬೆ: ಬಿಸಾಡುವ ಮುನ್ನ, ಕೊಳ್ಳುವ ಮುನ್ನ

ಮುಂಬಯಿ ಮಹಾನಗರ ಹಾಗೂ ಉಪನಗರಗಳಲ್ಲಿ ಹಳೆಯ ಕಟ್ಟಡಗಳ ಮರುನಿರ್ಮಾಣ ಭರದಿಂದ ಸಾಗಿದೆ. ಫೋರ್ಟ್ ಪರಿಸರದ ಹಳೆಯ ಕೋಣೆಗಳಿಂದ ಡೊಂಬಿವಲಿಯ ಸೊಸೈಟಿಗಳ ತನಕ, ಮನೆ ಖಾಲಿ ಮಾಡುವ ಕುಟುಂಬ ಮೊದಲು ಕೈ ಹಾಕುವುದು ಅಟ್ಟಕ್ಕೆ. ಹಿತ್ತಾಳೆಯ ಪಾತ್ರೆಗಳು ಊರಿಗೆ, ಕನ್ನಡ ಪುಸ್ತಕಗಳು ಸಂಘದ ವಾಚನಾಲಯಕ್ಕೆ, ಉಳಿದುದೆಲ್ಲ ಭಂಗಾರದವನ ಗೋಣಿಗೆ. ಹೀಗೆ ಗೋಣಿ ಸೇರುವ ವಸ್ತುಗಳಲ್ಲಿ ಈಗ ನಲವತ್ತು, ಐವತ್ತು ದಾಟಿದ ಮಕ್ಕಳು ಆಡಿ ಬಿಟ್ಟ ಒಂದು ಬಿಸ್ಕತ್ತಿನ ಡಬ್ಬಿಯೂ ಇರಬಹುದು. ಅದರೊಳಗೆ ಬೆರಳುದ್ದದ ಸೈನಿಕರು, ಕೈಕಾಲು ಕಳಚಿದ ಹೀ-ಮ್ಯಾನ್, ಹೆಬ್ಬೆರಳು ಮುರಿದ ವೀರರು.

ಅದೇ ಮನೆಯ ಮೊಮ್ಮಗ ಇಂದು ಜಪಾನಿನಿಂದಲೋ ಅಮೆರಿಕದಿಂದಲೋ ಬಂದ ಗೊಂಬೆಯೊಂದಕ್ಕೆ ಕೆಲವು ಸಾವಿರ ರೂಪಾಯಿ ಕೇಳುತ್ತಿದ್ದಾನೆ. "ಒಂದು ಪ್ಲಾಸ್ಟಿಕ್ ಗೊಂಬೆಗೆ ಇಷ್ಟು ದುಡ್ಡೇ?" ಎಂದು ಹಿರಿಯರು ಹುಬ್ಬೇರಿಸುವುದು ಸಹಜ. ಹಳೆಯದನ್ನು ಬಿಸಾಡುವುದೋ ಇಟ್ಟುಕೊಳ್ಳುವುದೋ, ಹೊಸದನ್ನು ಕೊಳ್ಳುವುದೋ ಬಿಡುವುದೋ ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರ ಬಹುಮಟ್ಟಿಗೆ ಒಂದೇ ಕಡೆ ಇದೆ. ಅದು ಗೊಂಬೆಯ ಕೀಲಿನಲ್ಲಿ. ಆಕ್ಷನ್ ಫಿಗರ್ ಎಂದು ಲೋಕವೆಲ್ಲ ಕರೆಯುವ ಈ ಕೀಲುಗೊಂಬೆಗಳ ಗುಣವನ್ನು ಅಳೆಯುವ ಬಗೆಯನ್ನು ತಿಳಿದಿರುವುದು ಮನೆಯವರಿಗೂ ಸಂಗ್ರಾಹಕರಿಗೂ ಒಳಿತು.

ಹೆಸರಿನ ಹಿಂದಿನ ಕಥೆ

ಆಕ್ಷನ್ ಫಿಗರ್ ಎಂಬ ಹೆಸರು ಹುಟ್ಟಿದ್ದೇ ಒಂದು ವ್ಯಾಪಾರಿ ಜಾಣ್ಮೆಯಿಂದ. ಅಮೆರಿಕದ ಹ್ಯಾಸ್ಬ್ರೊ ಕಂಪೆನಿ 1964ರಲ್ಲಿ ಜಿ.ಐ. ಜೋ ಎಂಬ ಸುಮಾರು 12 ಇಂಚು ಎತ್ತರದ ಸೈನಿಕನನ್ನು ಮಾರುಕಟ್ಟೆಗೆ ತಂದಿತು. ಗಂಡುಮಕ್ಕಳಿಗೆ 'ಡಾಲ್' ಎಂದರೆ ತಂದೆತಾಯಂದಿರು ಕೊಳ್ಳಲಾರರು ಎಂಬ ಅಳುಕಿನಿಂದ ಕಂಪೆನಿಯವರು ಆ ಪದವನ್ನೇ ಕೈಬಿಟ್ಟು ಆಕ್ಷನ್ ಫಿಗರ್ ಎಂದು ಕರೆದರು. ಇಂತಹ ಗೊಂಬೆಯ ಕಲ್ಪನೆಯನ್ನು ಸ್ಟ್ಯಾನ್ ವೆಸ್ಟನ್ ಎಂಬವರು ಕಂಪೆನಿಯ ಡಾನ್ ಲೆವಿನ್ ಅವರ ಮುಂದಿಟ್ಟಿದ್ದರು. ಚಿತ್ರಕಲಾವಿದರು ಮನುಷ್ಯನ ಭಂಗಿ ಬರೆಯಲು ಇಟ್ಟುಕೊಳ್ಳುವ, ಕೈಕಾಲು ತಿರುಗಿಸಬಹುದಾದ ಮರದ ಬೊಂಬೆಯನ್ನು ಅಂಗಡಿಯೊಂದರಲ್ಲಿ ಕಂಡ ಲೆವಿನ್ ಅವರಿಗೆ, ಸೈನಿಕನ ಮೈಯನ್ನೂ ಹೀಗೆಯೇ ಮಾಡಬೇಕೆಂದು ಹೊಳೆಯಿತು. ಹೀಗೆ ಚಲಿಸುವ 21 ಭಾಗಗಳ ಗೊಂಬೆ ಸಿದ್ಧವಾಯಿತು. ಕೀಲುಗೊಂಬೆಯ ಮೂಲಗುಣ ಅದರ ಮುಖವಲ್ಲ, ಭಂಗಿ ಎಂಬುದು ಹುಟ್ಟಿನಲ್ಲೇ ನಿರ್ಧಾರವಾಗಿತ್ತು ಎಂದರೆ ತಪ್ಪಾಗಲಾರದು.

ಗೊಂಬೆಯೋ ಆಟಿಕೆಯೋ ಎಂಬ ಈ ವಾದ ಮುಂದೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಮನುಷ್ಯರೂಪದ ಗೊಂಬೆಗೆ ಶೇ. 12, ಇತರ ಆಟಿಕೆಗೆ ಶೇ. 6.8 ಎಂದು ಅಮೆರಿಕದ ಸುಂಕ ಇದ್ದ ಕಾಲದ ಆಮದಿನ ಬಗ್ಗೆ ಟಾಯ್ ಬಿಝ್ ಕಂಪೆನಿ ದಾವೆ ಹೂಡಿತ್ತು. ಎಕ್ಸ್-ಮೆನ್ ಮೊದಲಾದ ಪಾತ್ರಗಳು ಮನುಷ್ಯರಲ್ಲ, ಆದುದರಿಂದ ಅವು ಆಟಿಕೆಗಳು ಎಂದು ಅಲ್ಲಿನ ಅಂತಾರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ 2003ರಲ್ಲಿ ತೀರ್ಪು ನೀಡಿತು.

ಕೀಲಿನ ಸಂಖ್ಯೆಯೇ ಗುಣವಲ್ಲ

ಪೆಟ್ಟಿಗೆಯ ಮೇಲೆ ಇಷ್ಟು ಕೀಲುಗಳಿವೆ ಎಂದು ದೊಡ್ಡದಾಗಿ ಅಚ್ಚು ಹಾಕಿರುವುದನ್ನು ಕಂಡು ಮರುಳಾಗುವವರೇ ಹೆಚ್ಚು. ಇತಿಹಾಸ ಬೇರೆಯೇ ಪಾಠ ಹೇಳುತ್ತದೆ. ಕೆನ್ನರ್ ಕಂಪೆನಿ 1978ರಲ್ಲಿ ಹೊರತಂದ ಸ್ಟಾರ್ ವಾರ್ಸ್ ಗೊಂಬೆಗಳಿಗೆ ಇದ್ದುದು ಸಾಮಾನ್ಯವಾಗಿ 5 ಕೀಲು ಮಾತ್ರ: ಕತ್ತು, ಎರಡು ಭುಜ, ಎರಡು ಸೊಂಟದ ಸಂದು. ಎತ್ತರ ಮೂರೂಮುಕ್ಕಾಲು ಇಂಚು. ಗೊಂಬೆ ಚಿಕ್ಕದಾದರೆ ಅದರ ವಿಮಾನ, ವಾಹನಗಳನ್ನೂ ಮಕ್ಕಳ ಕೈಗೆಟಕುವ ಬೆಲೆಗೆ ಮಾಡಬಹುದು ಎಂಬುದು ಲೆಕ್ಕಾಚಾರ. ವಾಹನದಲ್ಲಿ ಕೂರಲು 5 ಕೀಲು ಸಾಕಾಗಿತ್ತು. ಆ ಗೊಂಬೆಗಳು ಜಗತ್ತಿನಾದ್ಯಂತ ಮಾರಾಟವಾದವು.

1982ರಲ್ಲಿ ಹ್ಯಾಸ್ಬ್ರೊ ತನ್ನ ಜಿ.ಐ. ಜೋವನ್ನು ಅದೇ ಮೂರೂಮುಕ್ಕಾಲು ಇಂಚಿಗೆ ಇಳಿಸಿತು. ಆದರೆ ಮೊಣಕೈ, ಮೊಣಕಾಲುಗಳ ಚಲನೆಯನ್ನು ಬಿಟ್ಟುಕೊಡಲಿಲ್ಲ. ಮೈಯೊಳಗೆ ಒಂದು ರಬ್ಬರ್ ಉಂಗುರ, ಅದಕ್ಕೆ ಸಿಕ್ಕಿಸಿದ ಲೋಹದ ಕೊಕ್ಕೆ. ಇವೇ ಎದೆಯನ್ನೂ ಕಾಲುಗಳನ್ನೂ ಎಳೆದು ಹಿಡಿಯುತ್ತಿದ್ದವು. 1983ರಲ್ಲಿ ಮೊಣಕೈಯ ಮೇಲ್ಭಾಗದಲ್ಲಿ ತೋಳು ತಿರುಗುವಂತಾಯಿತು. ಸೈನಿಕ ಬಂದೂಕನ್ನು ಎರಡೂ ಕೈಯಲ್ಲಿ ಹಿಡಿಯುವಂತಾದ. 1985ರಲ್ಲಿ ಕತ್ತಿಗೆ ಗುಂಡುಕೀಲು ಬಂದು, ತಲೆ ಅಕ್ಕಪಕ್ಕಕ್ಕಷ್ಟೇ ಅಲ್ಲದೆ ಮೇಲಕ್ಕೂ ಕೆಳಕ್ಕೂ ಆಡತೊಡಗಿತು. ಹೆಚ್ಚಾದುದು ಒಂದೋ ಎರಡೋ ಕೀಲು, ಆದರೆ ಗೊಂಬೆಗೆ ಬಂದ ಜೀವ ದೊಡ್ಡದು.

2002ರಲ್ಲಿ ಆರಂಭವಾದ ಮಾರ್ವೆಲ್ ಲೆಜೆಂಡ್ಸ್ ಸರಣಿಯ ಆರಿಂಚಿನ ಕೆಲವು ಗೊಂಬೆಗಳಿಗೆ 30ಕ್ಕೂ ಹೆಚ್ಚು ಕೀಲುಗಳಿದ್ದವು. ಜಪಾನಿನಲ್ಲಿ 2006ರಲ್ಲಿ ರಿವೋಲ್ಟೆಕ್, 2008ರಲ್ಲಿ ಫಿಗ್ಮಾ ಮತ್ತು ಎಸ್.ಎಚ್. ಫಿಗುಆರ್ಟ್ಸ್ ಸರಣಿಗಳು ಬಂದು ಕೀಲಿನ ಕೆಲಸವನ್ನು ಇನ್ನೊಂದು ಮಟ್ಟಕ್ಕೆ ಒಯ್ದವು. ಆದರೂ ಅನುಭವಿ ಸಂಗ್ರಾಹಕರು ಸಂಖ್ಯೆಯನ್ನು ಎಣಿಸುವುದಿಲ್ಲ. ಈ ಕೀಲು ಯಾವ ಭಂಗಿಗೆ ಬೇಕು, ಆ ಭಂಗಿಯಲ್ಲಿ ಗೊಂಬೆ ನಿಲ್ಲುತ್ತದೆಯೇ ಎಂದು ಕೇಳುತ್ತಾರೆ.

ಉಪ್ಪಿನಕುದ್ರಿನ ಗೊಂಬೆಗೂ ಇದಕ್ಕೂ ಇರುವ ವ್ಯತ್ಯಾಸ

ಕರಾವಳಿಯ ಕನ್ನಡಿಗರಿಗೆ ಕೀಲುಗೊಂಬೆ ಹೊಸತೇನೂ ಅಲ್ಲ. ಕುಂದಾಪುರದ ಬಳಿಯ ಉಪ್ಪಿನಕುದ್ರಿನ ಯಕ್ಷಗಾನ ಸೂತ್ರದ ಗೊಂಬೆಗಳನ್ನು, ಅವುಗಳಿಗೆ ದೇಶವಿದೇಶಗಳಲ್ಲಿ ಹೆಸರು ತಂದ ದಿವಂಗತ ಕೊಗ್ಗ ಕಾಮತರನ್ನು ಅರಿಯದವರು ವಿರಳ. ಆ ಗೊಂಬೆಗಳ ಕೀಲು ಸಡಿಲವಾಗಿರಲೇಬೇಕು. ಸೂತ್ರಧಾರನ ಬೆರಳು ಮಿಡಿದರೆ ಕೈ ಏಳಬೇಕು, ಸಡಿಲಿಸಿದರೆ ಇಳಿಯಬೇಕು. ಭಂಗಿಯನ್ನು ಹಿಡಿದಿಡುವುದು ದಾರ. ಕೀಲು ಅಡ್ಡಿಯಾಗದಿದ್ದರೆ ಸಾಕು.

ಆಕ್ಷನ್ ಫಿಗರಿನಲ್ಲಿ ಇದು ತಲೆಕೆಳಗು. ಅದಕ್ಕೆ ದಾರವೂ ಇಲ್ಲ, ಸೂತ್ರಧಾರನೂ ಇಲ್ಲ. ಎತ್ತಿದ ಕೈ ಎತ್ತಿದಲ್ಲೇ ನಿಲ್ಲುವುದು ಕೀಲಿನೊಳಗಿನ ತಿಕ್ಕಾಟದ ಬಲದಿಂದ ಮಾತ್ರ. ಬಿಗಿ ಕಡಿಮೆಯಾದರೆ ಕೈ ಜೋಲುತ್ತದೆ, ಹೆಚ್ಚಾದರೆ ತಿರುಗಿಸುವಾಗ ಮುರಿಯುತ್ತದೆ. ಈ ಎರಡರ ನಡುವಿನ ಹದವೇ ಒಳ್ಳೆಯ ಕೀಲುಗೊಂಬೆಯ ಲಕ್ಷಣ. ಚನ್ನಪಟ್ಟಣದ ಅರಗಿನ ಗೊಂಬೆಯನ್ನು ಬಣ್ಣ, ನುಣುಪು ನೋಡಿ ಮೆಚ್ಚಿದಂತೆ ಇದನ್ನು ಕಣ್ಣಿನಿಂದಷ್ಟೇ ಅಳೆಯಲಾಗದು, ಕೈಯಲ್ಲಿ ಹಿಡಿದೇ ನೋಡಬೇಕು.

ಕೈಯಲ್ಲಿ ಹಿಡಿದು ನೋಡುವ ಕ್ರಮ

ಮೊದಲ ಪರೀಕ್ಷೆ ನಿಲ್ಲುವುದು. ಯಾವ ಆಧಾರವೂ ಇಲ್ಲದೆ ಮೇಜಿನ ಮೇಲೆ ಗೊಂಬೆಯನ್ನು ನಿಲ್ಲಿಸಬೇಕು. ಆ ಬಳಿಕ ಕಾಲುಗಳನ್ನು ಅಗಲಿಸಿ ನಿಲ್ಲಿಸಬೇಕು. ಆಗ ಪಾದದ ಒಳಅಂಚು ಮಾತ್ರ ನೆಲಕ್ಕೆ ತಾಗಿ ಹೊರಅಂಚು ಮೇಲೆದ್ದರೆ ಗೊಂಬೆ ಹೆಚ್ಚು ಹೊತ್ತು ನಿಲ್ಲದು. ಒಳ್ಳೆಯ ಗೊಂಬೆಯ ಪಾದ ಹಿಂದೆ ಮುಂದೆ ಮಡಚುವುದಲ್ಲದೆ ಪಕ್ಕಕ್ಕೂ ವಾಲುತ್ತದೆ. ಕಾಲು ಎಷ್ಟೇ ಅಗಲಿಸಿದರೂ ಅಂಗಾಲು ಪೂರ್ತಿ ನೆಲಕ್ಕೆ ಕೂರುತ್ತದೆ. ಹೊರನೋಟಕ್ಕೆ ಕಾಣಿಸದ ಈ ಪಾದದ ಕೀಲು, ಬೆರಳುಗಳ ಹತ್ತು ಕೀಲಿಗಿಂತ ಹೆಚ್ಚಿನದು.

ಎರಡನೆಯದು ಮಡಚುವುದು. ಮೊಣಕೈಯಲ್ಲಿ ಬಾಗಿಲಿನ ಬಿಜಾಗರಿಯಂತೆ ಒಂದೇ ಮಡಿಕೆ ಇದ್ದರೆ ತೋಳು ಸುಮಾರಾಗಿ ಕಾಟಕೋನದ ತನಕ ಬಾಗುತ್ತದೆ. ಜೋಡಿ ಮಡಿಕೆ ಇದ್ದರೆ ಮುಷ್ಟಿ ಭುಜದ ಹತ್ತಿರ ಬರುತ್ತದೆ. ಮೊಣಕಾಲಿಗೂ ಇದೇ ಮಾತು; ಗೊಂಬೆ ಮಂಡಿಯೂರಿ ಕೂರಬೇಕಾದರೆ ಜೋಡಿ ಮಡಿಕೆ ಬೇಕು.

ಮೂರನೆಯದು ಭುಜ. ಕೈಯನ್ನು ಪಕ್ಕಕ್ಕೆ ನೇರವಾಗಿ ಎತ್ತಿದಾಗ ಭುಜದ ಕವಚ ಅಡ್ಡ ಬರುತ್ತದೆಯೇ? ಎರಡೂ ಕೈಗಳು ಎದೆಯ ಮುಂದೆ ಕೂಡುತ್ತವೆಯೇ? ಬಿಲ್ಲು ಹಿಡಿಯುವ, ಕತ್ತಿಯನ್ನು ಎರಡು ಕೈಯಲ್ಲಿ ಬೀಸುವ ಪಾತ್ರಗಳಿಗೆ ಭುಜ ಮುಂದಕ್ಕೂ ಹಿಂದಕ್ಕೂ ಸರಿಯುವ ಕೀಲು ಅಗತ್ಯ. ಇದಕ್ಕೆ ಚಿಟ್ಟೆಯ ರೆಕ್ಕೆಯ ಹೋಲಿಕೆಯಿಂದ ಬಟರ್‌ಫ್ಲೈ ಕೀಲು ಎಂದೇ ಹೆಸರು.

ನಾಲ್ಕನೆಯದು ಕತ್ತು ಮತ್ತು ನಡು. ಹಾರುವ ಪಾತ್ರದ ಗೊಂಬೆ ತಲೆಯೆತ್ತಿ ಮೇಲೆ ನೋಡಲಾರದಿದ್ದರೆ, ಗೋಡೆ ಹತ್ತುವ ಪಾತ್ರದ ನಡು ಬಾಗದಿದ್ದರೆ ಉಳಿದ ಕೀಲುಗಳಿದ್ದೂ ಫಲವಿಲ್ಲ. ಉದ್ದ ಕೂದಲು, ಗಟ್ಟಿ ಅಂಗಿ, ಸೊಂಟಪಟ್ಟಿ ಇವುಗಳೇ ಹಲವು ವೇಳೆ ಕೀಲಿಗೆ ಅಡ್ಡಗಾಲು ಹಾಕುತ್ತವೆ.

ಕೊನೆಯದು ಹಿಡಿತ. ಪ್ರತಿ ಕೀಲನ್ನೂ ಅರ್ಧ ತಿರುಗಿಸಿ ಬಿಡಬೇಕು. ಬಿಟ್ಟಲ್ಲೇ ನಿಂತರೆ ಸರಿ. ಲೋಹದ ಭಾಗಗಳುಳ್ಳ ಅಥವಾ ತೂಕದ ಗೊಂಬೆಗಳಲ್ಲಿ 'ಕಟ್ ಕಟ್' ಸದ್ದಿನೊಂದಿಗೆ ಹಂತಹಂತವಾಗಿ ತಿರುಗುವ ಹಲ್ಲುಕೀಲು ಇರುತ್ತದೆ. ಅದು ಭಾರ ತಡೆಯುತ್ತದೆ, ಆದರೆ ಎರಡು ಹಲ್ಲುಗಳ ನಡುವೆ ಬೇಕಾದ ಕೋನದಲ್ಲಿ ನಿಲ್ಲುವುದಿಲ್ಲ. ಹೊಸ ಗೊಂಬೆಯ ಕೀಲು ಬಣ್ಣ ಅಂಟಿ ಸಿಕ್ಕಿಕೊಂಡಿದ್ದರೆ ಬಲ ಪ್ರಯೋಗ ಬೇಡ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿದರೆ ಅಥವಾ ಹೇರ್ ಡ್ರೈಯರ್ ಶಾಖ ತಾಗಿಸಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಕೀಲು ಬಿಡುತ್ತದೆ.

ಮುಖ, ಬಣ್ಣ, ಪ್ಲಾಸ್ಟಿಕ್

ಕೀಲಿನ ನಂತರ ಮುಖ. ಎರಡೂ ಕಣ್ಣುಗಳು ಒಂದೇ ಕಡೆ ನೋಡುತ್ತಿವೆಯೇ, ತುಟಿಯ ಬಣ್ಣ ಗೆರೆ ದಾಟಿದೆಯೇ ಎಂದು ನೋಡಬೇಕು. ಈಚಿನ ವರ್ಷಗಳಲ್ಲಿ ಮುಖವನ್ನು ಡಿಜಿಟಲ್ ಮುದ್ರಣದಿಂದ ಮೂಡಿಸುವುದರಿಂದ ನಟನ ಹೋಲಿಕೆ ಚೆನ್ನಾಗಿ ಬರುತ್ತದೆ. ಅಚ್ಚಿನ ಎರಡು ಭಾಗಗಳು ಕೂಡುವಲ್ಲಿ ಉಳಿಯುವ ಗೆರೆ ತೋಳಿನಲ್ಲೋ ಕಾಲಿನಲ್ಲೋ ಎದ್ದು ಕಂಡರೆ ಅದು ಅವಸರದ ಕೆಲಸ. ಕೀಲು ತಿರುಗುವಲ್ಲಿ ಬಣ್ಣ ಉಜ್ಜಿ ಹೋಗುತ್ತದೆಯೇ ಎಂಬುದೂ ಮುಖ್ಯ. ಪ್ಲಾಸ್ಟಿಕ್ಕಿನಲ್ಲೇ ಬಣ್ಣ ಬೆರೆಸಿ ಎರಕ ಹೊಯ್ದ ಭಾಗ ಎಷ್ಟು ತಿರುಗಿಸಿದರೂ ಬಣ್ಣ ಬಿಡದು.

ಗಟ್ಟಿ ಭಾಗಗಳಿಗೆ ಎಬಿಎಸ್, ಮೆತ್ತನೆಯ ಭಾಗಗಳಿಗೆ ಪಿವಿಸಿ ಪ್ಲಾಸ್ಟಿಕ್ ಬಳಸುವುದು ರೂಢಿ. ಎಬಿಎಸ್ ಬಿಸಿಲಿಗೆ ಹಳದಿಯಾಗುತ್ತದೆ. ಪಿವಿಸಿಯನ್ನು ಮೆತ್ತಗಾಗಿಸಲು ಬೆರೆಸಿದ ದ್ರವ್ಯ ವರ್ಷಗಳು ಕಳೆದಂತೆ ಹೊರಗೆ ಒಸರಿ ಮೈ ಅಂಟಂಟಾಗುತ್ತದೆ. ಬಿಸಿಲು ಬೀಳುವ ಕಿಟಕಿ, ಗಾಳಿಯಾಡದ ಡಬ್ಬಿ ಇವೆರಡೂ ಒಳ್ಳೆಯ ಜಾಗಗಳಲ್ಲ. ಅಂಟಾದುದನ್ನು ಉಗುರುಬೆಚ್ಚಗಿನ ನೀರು, ಸೌಮ್ಯ ಸಾಬೂನಿನಿಂದ ತೊಳೆದು ನೆರಳಲ್ಲಿ ಒಣಗಿಸಬೇಕು.

ಭಾರತದಲ್ಲೇ ತಯಾರಾದ ವೀರರು

ಈಗ ಅಟ್ಟದ ಡಬ್ಬಿಯ ವಿಚಾರ. ಎಂಆರ್‌ಎಫ್ ಮತ್ತು ಹ್ಯಾಸ್ಬ್ರೊ ಕೂಡಿ 1987ರಲ್ಲಿ ಆರಂಭಿಸಿದ ಫನ್‌ಸ್ಕೂಲ್ ಸಂಸ್ಥೆಯ ಕೇಂದ್ರ ಚೆನ್ನೈ, ಕಾರ್ಖಾನೆ ಗೋವಾದಲ್ಲಿ. ಹ್ಯಾಸ್ಬ್ರೊ ಕಂಪೆನಿಯ ಅಚ್ಚುಗಳನ್ನು ತರಿಸಿ ಜಿ.ಐ. ಜೋ ಗೊಂಬೆಗಳನ್ನು ಇಲ್ಲಿ ತಯಾರಿಸಲಾಯಿತು. ದೂರದರ್ಶನದಲ್ಲಿ ಹೀ-ಮ್ಯಾನ್ ನೋಡುತ್ತಿದ್ದ ಪೀಳಿಗೆಗೆ ಕೈಗೆಟಕಿದ ಸೈನಿಕರು ಇವರೇ. ಹಲವು ಗೊಂಬೆಗಳಿಗೆ ಅಮೆರಿಕದಲ್ಲಿ ಎಂದೂ ಇಲ್ಲದ ಬಣ್ಣಗಳನ್ನು ಇಲ್ಲಿ ಬಳಿಯಲಾಗಿತ್ತು. ಅಂದು ವಿಚಿತ್ರವೆನಿಸಿದ ಆ ಬಣ್ಣವೇ ಇಂದು ವಿದೇಶದ ಸಂಗ್ರಾಹಕರನ್ನು ಸೆಳೆಯುತ್ತಿದೆ. ಅಮೆರಿಕದ ಮಾರುಕಟ್ಟೆಯಲ್ಲಿ ತಯಾರಿಕೆ ನಿಂತ ಅಚ್ಚುಗಳು ಭಾರತದಲ್ಲಿ ಮತ್ತೆ ಜೀವ ಪಡೆದುದೂ ಇದಕ್ಕೆ ಕಾರಣ.

ಇಂತಹ ಗೊಂಬೆ ಸಿಕ್ಕಿದರೆ ಮೊದಲು ಹೆಬ್ಬೆರಳು ನೋಡಬೇಕು. ಬಂದೂಕನ್ನು ಒತ್ತಿ ಸಿಕ್ಕಿಸಿ ಮೊದಲು ಮುರಿಯುವುದು ಅದೇ. ಎರಡನೆಯದಾಗಿ ಎರಡು ಕಾಲುಗಳ ನಡುವಿನ ಸೊಂಟದ ತುಂಡು, ಬಳಿಕ ಮೊಣಕೈಯ ಬಿರುಕು. ಸೊಂಟ ಜೋಲುತ್ತಿದ್ದರೆ ಗಾಬರಿ ಬೇಡ. ಒಳಗಿನ ರಬ್ಬರ್ ಉಂಗುರ ಒಣಗಿ ತುಂಡಾಗಿರುತ್ತದೆ, ಅಷ್ಟೇ. ಬೆನ್ನಿನ ತಿರುಪನ್ನು ನಿಧಾನವಾಗಿ ಬಿಚ್ಚಿ ಅದೇ ಅಳತೆಯ ಓ-ರಿಂಗ್ ಹಾಕಿದರೆ ಸೈನಿಕ ಮತ್ತೆ ಎದ್ದು ನಿಲ್ಲುತ್ತಾನೆ. ಮುಂಬಯಿಯ ತೇವದ ಹವೆಗೆ ತಿರುಪು ತುಕ್ಕು ಹಿಡಿದಿದ್ದರೆ ಬಲವಾಗಿ ತಿರುಗಿಸಬಾರದು, ತಿರುಪಿನ ತಲೆ ಸವೆದುಹೋದೀತು. 1982ರಲ್ಲಿ ಬಂದ ಹೀ-ಮ್ಯಾನ್ ಮಾದರಿಯ ಗೊಂಬೆಗಳ ಕಾಲುಗಳೂ ರಬ್ಬರಿನಿಂದಲೇ ಮೈಗೆ ಸೇರಿರುತ್ತವೆ. ಅವು ಸಡಿಲವಾಗುವುದು ವಯಸ್ಸಿನ ದೋಷ. ಸಡಿಲವಾದ ಗುಂಡುಕೀಲಿಗೆ ಬಣ್ಣವಿಲ್ಲದ ನೈಲ್ ಪಾಲಿಶ್‌ನ ತೆಳು ಲೇಪ ಹಚ್ಚಿ, ಪೂರ್ತಿ ಒಣಗಿದ ಮೇಲೆ ಜೋಡಿಸಿದರೆ ಬಿಗಿ ಮರಳುತ್ತದೆ.

ಬಂದೂಕು, ಬೆನ್ನಚೀಲ, ಶಿರಸ್ತ್ರಾಣಗಳನ್ನು ಪ್ರತ್ಯೇಕ ಪೊಟ್ಟಣದಲ್ಲಿ ಇಡಬೇಕು. ಗೊಂಬೆಗಿಂತ ಅವು ಸಿಗುವುದೇ ಕಷ್ಟ. ಫನ್‌ಸ್ಕೂಲ್ ಹೆಸರಿನ ಹಳೆಯ ರಟ್ಟು ಉಳಿದಿದ್ದರೆ ಅದನ್ನೂ ಎಸೆಯಬಾರದು.

ಬೆಲೆಯ ಆಸೆಗೊಂದು ಮಿತಿ

ಜಿ.ಐ. ಜೋ ಗೊಂಬೆಯ ಮೂಲಮಾದರಿ 2003ರ ಹರಾಜಿನಲ್ಲಿ 2 ಲಕ್ಷ ಡಾಲರಿಗೆ ಮಾರಾಟವಾಯಿತು. ಸ್ಟಾರ್ ವಾರ್ಸ್‌ನ ಬೋಬಾ ಫೆಟ್ ಗೊಂಬೆಯ ಕ್ಷಿಪಣಿ ಹಾರಿಸುವ ಮೂಲಮಾದರಿಯೊಂದು 2024ರಲ್ಲಿ 5 ಲಕ್ಷದ 25 ಸಾವಿರ ಡಾಲರ್ ತಂದಿತು. ಇಂತಹ ಸುದ್ದಿ ಓದಿ ಅಟ್ಟ ಹತ್ತುವವರು ಒಂದು ವಿಷಯವನ್ನು ಮರೆಯಬಾರದು. ಇವೆರಡೂ ಅಂಗಡಿಗೆ ಬಂದ ಗೊಂಬೆಗಳಲ್ಲ, ತಯಾರಿಕೆಗೆ ಮುನ್ನ ಮಾಡಿದ ಮಾದರಿಗಳು. ಆಡಿ ಸವೆದ ಗೊಂಬೆಗೆ ಲಕ್ಷಗಳು ಬರುವುದಿಲ್ಲ. ಆದರೆ ಭಂಗಾರದ ತೂಕದ ಬೆಲೆಗಿಂತ ಅದು ಖಂಡಿತ ಹೆಚ್ಚು ಬಾಳುತ್ತದೆ.

ಅಮೆರಿಕದಲ್ಲಿ ಗೊಂಬೆಗಳಿಗೆ ಅಂಕ ಕೊಟ್ಟು ಪಾರದರ್ಶಕ ಪೆಟ್ಟಿಗೆಯಲ್ಲಿ ಮುದ್ರೆ ಹಾಕಿಕೊಡುವ ಸಂಸ್ಥೆಗಳಿವೆ. ರಟ್ಟು, ಪ್ಲಾಸ್ಟಿಕ್ ಗುಳ್ಳೆ, ಗೊಂಬೆ ಇವುಗಳ ಸ್ಥಿತಿಗೆ ನೂರರಲ್ಲಿ ಇಷ್ಟು ಎಂದು ಅಂಕ. ಇಲ್ಲೊಂದು ವಿಪರ್ಯಾಸವಿದೆ. ರಟ್ಟಿನಿಂದ ಬಿಡಿಸದ ಗೊಂಬೆಯ ಕೀಲನ್ನು ಯಾರೂ ತಿರುಗಿಸಿರುವುದಿಲ್ಲ. ಆ ಅಂಕ ಸ್ಥಿತಿಗೆ ಸಲ್ಲುವುದೇ ಹೊರತು ಗೊಂಬೆ ಹೇಗೆ ನಿಲ್ಲುತ್ತದೆ ಎಂಬುದಕ್ಕಲ್ಲ. ಮಾರುವ ಉದ್ದೇಶದವರಿಗೆ ಅಂಕ ಬೇಕು, ಕಪಾಟಿನಲ್ಲಿಟ್ಟು ನೋಡುವವರಿಗೆ ಕೀಲು ಬೇಕು.

ನಕಲಿಯ ಬಗ್ಗೆ ಎಚ್ಚರ

ಭಾರತದಲ್ಲಿ ಆಟಿಕೆಯ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಲಾಯಿತು. ಅಸಲಿ ಗೊಂಬೆ ದುಬಾರಿಯಾದಷ್ಟೂ ನಕಲಿಗೆ ಗಿರಾಕಿಗಳು ಹೆಚ್ಚು. ನಕಲಿಯ ಗುರುತು ಹಿಡಿಯುವುದು ಕಷ್ಟವಲ್ಲ. ಪೆಟ್ಟಿಗೆ ತೆರೆದೊಡನೆ ಘಾಟು ವಾಸನೆ, ಮಬ್ಬಾದ ಮುದ್ರಣ, ಒಂದು ಕೈ ಬಿಗಿ ಇನ್ನೊಂದು ಸಡಿಲ, ಕಣ್ಣು ಓರೆ. ಅಸಲಿ ಗೊಂಬೆಯ ಬೆನ್ನು, ತೊಡೆ ಅಥವಾ ಅಂಗಾಲಿನಲ್ಲಿ ಹಕ್ಕುದಾರ ಕಂಪೆನಿಯ ಹೆಸರು, ಇಸವಿ ಸಣ್ಣದಾಗಿ ಕೊರೆದಿರುತ್ತದೆ. ಆ ಇಸವಿ ಹಕ್ಕುಸ್ವಾಮ್ಯದ್ದು, ಗೊಂಬೆ ತಯಾರಾದ ವರ್ಷವೇ ಆಗಿರಬೇಕೆಂದಿಲ್ಲ ಎಂಬುದನ್ನೂ ಗಮನಿಸಬೇಕು. ಅರ್ಧ ಬೆಲೆಗೆ ಹೊಚ್ಚಹೊಸ ಅಸಲಿ ಎಂದು ಯಾರಾದರೂ ಹೇಳಿದರೆ ಕೈಯಲ್ಲಿ ಹಿಡಿದು ನೋಡದೆ ಹಣ ಕೊಡಬಾರದು.

ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಎಚ್ಚರ. ಕಳಚುವ ಕೈಗಳು, ಗುಂಡಿಯಷ್ಟು ಚಿಕ್ಕ ಆಯುಧಗಳು ಮೂರು ವರ್ಷದೊಳಗಿನ ಮಗುವಿನ ಬಾಯಿಗೆ ಹೋದರೆ ಅಪಾಯ. ಮೇಲೆ ಹೇಳಿದ ಬೋಬಾ ಫೆಟ್ ಗೊಂಬೆಯ ಕ್ಷಿಪಣಿ ಹಾರಿಸುವ ಮಾದರಿ ಅಂಗಡಿಗೆ ಬಾರದೆ ಹೋದುದು ಇದೇ ಭಯದಿಂದ. ಬೇರೊಂದು ಆಟಿಕೆಯ ಪುಟ್ಟ ಕ್ಷಿಪಣಿ ಗಂಟಲಲ್ಲಿ ಸಿಕ್ಕಿ ಆಗ ಮಗುವೊಂದು ಪ್ರಾಣ ಕಳೆದುಕೊಂಡಿತ್ತು. ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್ಐ ಮುದ್ರೆ 2021ರ ಜನವರಿ 1ರಿಂದ ಕಡ್ಡಾಯವಾಗಿದೆ. ಮಗುವಿಗಾಗಿ ಕೊಳ್ಳುವಾಗ ಮೊದಲು ನೋಡಬೇಕಾದುದು ಈ ಮುದ್ರೆ, ಆಮೇಲೆ ಕೀಲು.

ಗೊಂಬೆ ಹಬ್ಬದ ಮೆಟ್ಟಿಲಲ್ಲಿ

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗಳಿಗೆ, ಕೆಳಗಿನ ಮೆಟ್ಟಿಲು ಸಂತೆ, ಊರು, ಮಕ್ಕಳ ಆಟಿಕೆಗಳಿಗೆ. ಅಲ್ಲಿ ಮನೆಯ ಮಕ್ಕಳು ತಮ್ಮ ಕೀಲುಗೊಂಬೆಗೂ ಒಂದು ಜಾಗ ಕೇಳಿದರೆ ಹಿರಿಯರು ಬೇಡವೆನ್ನಬೇಕಾಗಿಲ್ಲ. ಗೊಂಬೆಯ ಗುಣಕ್ಕೆ ಅದಕ್ಕಿಂತ ಒಳ್ಳೆಯ ಪರೀಕ್ಷೆಯೂ ಇಲ್ಲ. ಮೆತ್ತನೆಯ ಪ್ಲಾಸ್ಟಿಕ್ಕಿನ ಕಾಲು, ಸಡಿಲ ಪಾದ ಇರುವ ಗೊಂಬೆ ಮೊದಲ ದಿನ ಚೆನ್ನಾಗಿಯೇ ನಿಲ್ಲುತ್ತದೆ. ಸೆಖೆಗೆ ದಿನದಿಂದ ದಿನಕ್ಕೆ ವಾಲಿ, ನಾಲ್ಕನೆಯ ದಿನವೋ ಐದನೆಯ ದಿನವೋ ಪಕ್ಕದ ಗೊಂಬೆಯ ಮೇಲೆ ಒರಗುತ್ತದೆ. ಹದವಾದ ಕೀಲಿನ ಗೊಂಬೆ ವಿಜಯದಶಮಿಯ ತನಕ ಇಟ್ಟ ಭಂಗಿಯಲ್ಲೇ ಇರುತ್ತದೆ. ರಬ್ಬರ್ ಉಂಗುರ ಬದಲಿಸಿದ ಅಪ್ಪನ ಕಾಲದ ಸೈನಿಕನನ್ನೂ ಮಗನ ಹೊಸ ವೀರನನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ, ಯಾವುದು ಗಟ್ಟಿ ಎಂಬ ತಕರಾರು ಒಂಬತ್ತು ದಿನಗಳಲ್ಲಿ ತಾನಾಗಿ ತೀರ್ಮಾನವಾಗುತ್ತದೆ.